ಬೇಲಿ ಕಾಯುವುದು ಯಾರನ್ನು?

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ನಮ್ಮಲ್ಲಿ ಬಹಳ ಮಂದಿ ಒಂದೇ ರೀತಿಯಲ್ಲಿ ಓದಿದ್ದೇವೆ. ನಾದಿರಾಳ ಪಾಡಿಗೆ ಮರುಗಿ, ‘ಪಾಪ, ಅವರ ಧರ್ಮದಲ್ಲಿ ಹಾಗಂತೆ’ ಎಂದು ಪುಸ್ತಕ ಮುಚ್ಚಿಟ್ಟಿದ್ದೇವೆ. 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಈ ಕೃತಿಗೆ ಅಂಥ ಓದು ಅನ್ಯಾಯ ಮಾಡುತ್ತದೆ ಎಂದು ನನ್ನ ಭಾವನೆ. ಧರ್ಮವನ್ನೇ ಬಿಟ್ಟುಬಿಡಿ ಎಂದು ಕಾದಂಬರಿ ಹೇಳುವುದಿಲ್ಲ. ಒಂದು ಕಟ್ಟಳೆ ಯಾರ ಹಿತಕ್ಕಾಗಿ ಹುಟ್ಟಿತು, ಈಗ ಯಾರ ಹಿತ ಕಾಯುತ್ತಿದೆ ಎಂದು ಅದು ಕೇಳುತ್ತದೆ.

ಈ ಪ್ರಶ್ನೆ ಇಸ್ಲಾಮಿನ ಒಳಗೇ ಬಹಳ ಹಿಂದಿನಿಂದ ಇದೆ. ಶರೀಅತ್ತಿನ ಹಿಂದಿರುವ ಉದ್ದೇಶಗಳನ್ನು ಅರಬ್ಬಿಯಲ್ಲಿ ‘ಮಕಾಸಿದ್’ ಎನ್ನುತ್ತಾರೆ. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ ಅಂಥ ಐದನ್ನು ಎಣಿಸಿದರು: ಧರ್ಮ, ಜೀವ, ಬುದ್ಧಿ, ಸಂತತಿ ಮತ್ತು ಆಸ್ತಿಯ ರಕ್ಷಣೆ. ಸ್ಪೇನಿನ ಗ್ರನಾಡಾದ ಪಂಡಿತ ಶಾತಿಬಿ (ಮರಣ 1388) ಈ ವಿಚಾರವನ್ನು ಇನ್ನಷ್ಟು ಬೆಳೆಸಿದರು. ಕಟ್ಟಳೆಯ ಅಕ್ಷರವನ್ನು ಪಾಲಿಸಿದಂತೆ ಕಂಡರೂ ಅದರ ಉದ್ದೇಶವನ್ನೇ ಕೆಡಿಸುವ ಉಪಾಯಗಳನ್ನು ಅವರು ಒಪ್ಪಲಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬೇಲಿ ಇರುವುದು ಹೊಲ ಕಾಯಲಿಕ್ಕೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಅದನ್ನು ಬೇಲಿ ಎಂದು ಕರೆಯುವುದು ಹೇಗೆ?

ಈ ಕಣ್ಣಿನಿಂದ ನಾದಿರಾಳ ಕತೆಯನ್ನು ನೋಡೋಣ. ತಂದೆ ಮಹಮ್ಮದ್ ಖಾನನಿಗೆ ಅಳಿಯ ರಶೀದನ ಮೇಲೆ ಹಣದ ವಿಷಯಕ್ಕೆ ಸಿಟ್ಟು. ಅದರ ಫಲವಾಗಿ ನಾದಿರಾ ಗಂಡನನ್ನೂ ಎಳೆಯ ಮಗುವನ್ನೂ ಕಳೆದುಕೊಳ್ಳುತ್ತಾಳೆ. ತಲಾಖ್ ಆಗಿಹೋಗುತ್ತದೆ. ಮುಂದೆ ಎಲ್ಲರಿಗೂ ತಪ್ಪಿನ ಅರಿವಾಗಿ ಅವರಿಬ್ಬರೂ ಮತ್ತೆ ಒಂದಾಗಬೇಕೆಂದಾಗ ಒಂದು ಷರತ್ತು ಅಡ್ಡ ಬರುತ್ತದೆ: ಅವಳು ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಅವನೊಡನಿದ್ದು, ಅವನಿಂದ ತಲಾಖ್ ಪಡೆದು ಬರಬೇಕು. ಅದನ್ನು ತಾಳಲಾರದೆ ನಾದಿರಾ ನೀರಿಗೆ ಬೀಳುತ್ತಾಳೆ.

ಕುರ್‌ಆನಿನ ಎರಡನೆಯ ಅಧ್ಯಾಯದಲ್ಲಿ ಈ ಮಾತು ಬರುತ್ತದೆ ನಿಜ. ಎರಡು ಸಲ ತಲಾಖ್ ಹೇಳಿ ಹಿಂದೆ ಕರೆದುಕೊಳ್ಳಬಹುದು; ಮೂರನೆಯ ಸಲವೂ ಹೇಳಿದರೆ, ಅವಳು ಬೇರೊಬ್ಬನ ಹೆಂಡತಿಯಾಗಿ ಆ ಸಂಬಂಧವೂ ಮುಗಿಯುವವರೆಗೆ ಅವನಿಗೆ ದಕ್ಕಳು. ಮನಸ್ಸು ಬಂದಾಗ ಬಿಟ್ಟು, ಬೇಕೆನಿಸಿದಾಗ ಕರೆದುಕೊಂಡು ಹೆಣ್ಣನ್ನು ಗೋಳು ಹುಯ್ದುಕೊಳ್ಳುವ ಗಂಡಸಿಗೆ ಹಾಕಿದ ಕಡಿವಾಣವಿದು ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಹಿಂದಕ್ಕೆ ಕರೆದುಕೊಳ್ಳುವ ಸಲುವಾಗಿಯೇ ನಡುವೆ ಒಂದು ಮದುವೆ ಹೂಡುವವರನ್ನೂ ಹೂಡಿಸಿಕೊಳ್ಳುವವರನ್ನೂ ಪ್ರವಾದಿಯವರು ಶಪಿಸಿದರೆಂದು ಹದೀಸ್ ಸಂಗ್ರಹಗಳಲ್ಲಿದೆ. ಹೀಗಿರುವಾಗ ಕಾದಂಬರಿಯಲ್ಲಿ ಆದದ್ದೇನು? ದುಡುಕಿದವರು ಗಂಡಸರು, ದಂಡ ತೆತ್ತವಳು ನಾದಿರಾ. ಜೀವ, ಸಂತತಿ ಎಂದು ಯಾವುದನ್ನು ಕಾಯಬೇಕಿತ್ತೋ ಅದೇ ಹಾಳಾಯಿತು: ಅವಳ ಪ್ರಾಣ ಹೋಯಿತು, ಮಗು ತಬ್ಬಲಿಯಾಯಿತು. ಶಾತಿಬಿಯ ಹೆಸರೇ ಕೇಳದ ಓದುಗಳಿಗೂ ಸಾರಾ ಅವರು ಇದನ್ನು ಮನವರಿಕೆ ಮಾಡಿಕೊಡುತ್ತಾರೆ.

ಹಾಗಂತ ‘ಉದ್ದೇಶ ನೋಡಿ’ ಎಂದರೆ ಎಲ್ಲ ಸರಿಹೋಗುತ್ತದೆಯೆ? ಇಲ್ಲಿ ನನಗೊಂದು ತಕರಾರಿದೆ. ಮಗಳನ್ನು ಅವಳ ಮನೆಯಿಂದ ಬಿಡಿಸಿ ತಂದ ಮಹಮ್ಮದ್ ಖಾನನ ಬಾಯಲ್ಲೂ ಉದ್ದೇಶಗಳೇ ಇರಬಹುದು: ಮನೆತನದ ಮಾನ, ಮಗಳ ಹಿತ. ರಕ್ಷಣೆ ಎಂಬ ಮಾತನ್ನು ಹೆಣ್ಣಿನ ಬಾಗಿಲಿಗೆ ಚಿಲಕ ಹಾಕಲೂ ಬಳಸಬಹುದು. ಕಟ್ಟಳೆಯ ಉದ್ದೇಶ ಏನೆಂದು ಹೇಳುವ ಜಾಗದಲ್ಲಿ ಯಾರು ಕೂತಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ಸಾರಾ ಅವರ ಕಾದಂಬರಿ ಈ ಮಾತಿನ ಹತ್ತಿರ ಬಂದು ಸಾವಿನಲ್ಲಿ ನಿಂತುಬಿಡುತ್ತದೆ. ಕತೆಯಾಗಿ ಆ ಸಾವು ಸಹಜವೇ. ಆದರೆ ಬದುಕಿ ಉಳಿದ ಹೆಣ್ಣು ಏನು ಮಾಡಬೇಕು?

ಆ ಪ್ರಶ್ನೆಯನ್ನು ಎತ್ತಿಕೊಂಡವರು ಹಾಸನದ ಬಾನು ಮುಷ್ತಾಕ್. ಅವರ ‘ಕರಿ ನಾಗರಗಳು’ ಕತೆಯನ್ನು ಗಿರೀಶ್ ಕಾಸರವಳ್ಳಿ ‘ಹಸೀನಾ’ (2004) ಎಂದು ಸಿನಿಮಾ ಮಾಡಿದರು. ದೀಪಾ ಭಾಸ್ತಿ ಅನುವಾದಿಸಿದ, 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಸಂಕಲನದಲ್ಲೂ ಆ ಕತೆ ಇದೆ. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುತವಲ್ಲಿಯ ಮುಂದೆ ನ್ಯಾಯ ಕೇಳುತ್ತಾಳೆ. ಧರ್ಮ ಅವಳಿಗೆ ಕೊಟ್ಟ ಹಕ್ಕುಗಳೇನೆಂದು ತಿಳಿಹೇಳುವವಳು ಓದಿಕೊಂಡ ಜುಲೇಖಾ ಬೇಗಂ. ತಿಳಿದಿದ್ದರೂ ಅವಳಿಗೆ ನ್ಯಾಯ ಸಿಗುವುದಿಲ್ಲ, ಏಕೆಂದರೆ ತೀರ್ಪಿನ ಜಾಗದಲ್ಲಿ ಇರುವವನು ಮುತವಲ್ಲಿ. ಆದರೆ ಊರ ಹೆಂಗಸರು ಅವನಿಗೆ ಶಾಪ ಹಾಕುತ್ತಾರೆ. ಕೊನೆಗೆ ಅವನ ಹೆಂಡತಿಯೇ ತನ್ನ ಮೈಯ ವಿಷಯದಲ್ಲಿ ತಾನೇ ತೀರ್ಮಾನ ಮಾಡುತ್ತಾಳೆ. ನಾದಿರಾ ಒಂಟಿ, ಇಲ್ಲಿ ಹೆಂಗಸರು ಒಬ್ಬರ ಹಿಂದೆ ಒಬ್ಬರು ಎದ್ದುನಿಲ್ಲುತ್ತಾರೆ. ಕಲೆಯ ದೃಷ್ಟಿಯಿಂದಲೂ ಇದು ಒಂದು ಹೆಜ್ಜೆ ಮುಂದೆ ಎಂದು ನನ್ನ ಅಭಿಪ್ರಾಯ.

2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಒಂದೇ ಉಸಿರಿನ ಮೂರು ತಲಾಖನ್ನು ಮೂರು–ಎರಡರ ಬಹುಮತದಿಂದ ಅಸಿಂಧುಗೊಳಿಸಿತು. 2019ರ ಕಾಯಿದೆ ಅದನ್ನು ಅಪರಾಧವೆಂದು ಸಾರಿತು. ಆದರೆ ಪಂಚಾಯಿತಿಯಲ್ಲಿ ಯಾರು ಕೂರಬೇಕೆಂಬುದನ್ನು ಈ ಎರಡೂ ಹೇಳುವುದಿಲ್ಲ.

‘ಅವರ ಧರ್ಮದಲ್ಲಿ ಹಾಗಂತೆ’ ಎನ್ನುವ ನಮ್ಮ ಕಡೆಯ ಓದುಗಳು ಒಮ್ಮೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯನ್ನು ನೆನೆಯಬೇಕು. ತುಂಗಭದ್ರೆಯ ದಡದ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಅಮಾವಾಸ್ಯೆಯಂದು ಜನ ತುಂಬಿಬರುತ್ತಾರೆ. ಗಾಳಿ ಸೋಕಿದೆ ಎಂದು ಕರೆತಂದ ಹೆಣ್ಣುಮಕ್ಕಳು ಅವರಲ್ಲಿ ಎಷ್ಟೋ ಮಂದಿ. ಅಜ್ಜಯ್ಯನ ಮೇಲಿನ ಭಕ್ತಿಯನ್ನು ನಾನು ಹಳಿಯುತ್ತಿಲ್ಲ. ಮನೆಯಲ್ಲಿ ಯಾರೂ ಕಿವಿಗೊಡದ ಸಂಕಟಕ್ಕೆ ಗಾಳಿ ಎಂಬ ಹೆಸರು ಬಂದಿದ್ದೂ ಉಂಟಲ್ಲವೆ ಎಂದಷ್ಟೇ ಕೇಳುತ್ತೇನೆ. ಚಂದ್ರಗಿರಿಯ ದಡದ ಹೆಣ್ಣಿಗೂ ತುಂಗಭದ್ರೆಯ ದಡದ ಹೆಣ್ಣಿಗೂ ಕಟ್ಟಳೆಗಳು ಬೇರೆ ಬೇರೆ. ‘ಇದು ನಿನ್ನ ಒಳ್ಳೆಯದಕ್ಕೇ’ ಎಂಬ ಮಾತನ್ನು ಮಾತ್ರ ಇಬ್ಬರೂ ಕೇಳಿದ್ದಾರೆ. ಒಳ್ಳೆಯದು ಯಾವುದೆಂದು ಅವರನ್ನೇ ಕೇಳಿದವರು ಕಡಿಮೆ. ಸಾರಾ ಅವರ ಪುಸ್ತಕವನ್ನು ಇನ್ನೊಮ್ಮೆ ಓದುವಾಗ ಈ ಮಾತು ನೆನಪಿರಲಿ.