ಮೂರು ಎಳೆತಕ್ಕೆ ಬಿಚ್ಚಿಕೊಳ್ಳುವ ತಿಂಡಿ

ಟೋಕಿಯೊದ ಅಗ್ಗದ ಹೋಟೆಲುಗಳಲ್ಲಿ ಎಲ್ಲ ಕಡೆಯೂ ಕೋಣೆ ಬಾಡಿಗೆಯಲ್ಲಿ ಬೆಳಗಿನ ತಿಂಡಿ ಸೇರಿರುವುದಿಲ್ಲ. ಅದಕ್ಕಾಗಿ ಕೊರಗಬೇಕಿಲ್ಲ. ಹಗಲಿರುಳೂ ತೆರೆದಿರುವ ಕೊಂಬಿನಿ ಅಂಗಡಿಗಳಲ್ಲಿ ಒನಿಗಿರಿ ಸಿಗುತ್ತದೆ: ಒಳಗೆ ಹೂರಣವಿಟ್ಟು ತ್ರಿಕೋನವಾಗಿ ಒತ್ತಿದ ಅನ್ನ, ಹೊರಗೆ ನೋರಿ ಎಂಬ ಒಣಗಿಸಿದ ಕಡಲಪಾಚಿಯ ಹಾಳೆ.

ಅದರ ಹೊದಿಕೆಯ ಜಾಣ್ಮೆಗೆ ತಲೆದೂಗಲೇಬೇಕು. ಅನ್ನದ ತೇವ ತಾಗಿದರೆ ನೋರಿ ಮೆತ್ತಗಾಗುತ್ತದೆ. ಹಾಗಾಗಿ ಎರಡರ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ. 1 ಎಂದು ಗುರುತಿರುವ ಪಟ್ಟಿಯನ್ನು ಮೇಲ್ತುದಿಯಿಂದ ಎಳೆದು ಸುತ್ತಲೂ ಸೀಳಬೇಕು. ಬಳಿಕ 2 ಮತ್ತು 3ರ ಮೂಲೆಗಳನ್ನು ಅತ್ತಿತ್ತ ಎಳೆದರೆ ಪೊರೆ ಜಾರಿಹೋಗಿ, ಗರಿಗರಿ ಹಾಳೆ ನೇರ ಅನ್ನಕ್ಕೆ ಹತ್ತಿಕೊಳ್ಳುತ್ತದೆ. ಜಪಾನಿನಲ್ಲಿ 1974ರಲ್ಲಿ ಮೊದಲ ಅಂಗಡಿ ತೆರೆದ ಸೆವೆನ್-ಇಲೆವೆನ್, ನೋರಿಯನ್ನು ಹೀಗೆ ಬೇರೆಯಾಗಿಟ್ಟ ಒನಿಗಿರಿಯನ್ನು 1978ರಿಂದ ಮಾರತೊಡಗಿತು.

ಉಮೆಬೊಶಿಯ ಹೂರಣವಿರುವುದನ್ನು ಒಮ್ಮೆಯಾದರೂ ತಿನ್ನಬೇಕು. ಉಪ್ಪಿನಲ್ಲಿ ನೆನೆಹಾಕಿ ಒಣಗಿಸಿದ ಆ ಹುಳಿಹಣ್ಣು ಬಿಳಿ ಅನ್ನದೊಡನೆ ಬಾಯಿಗೆ ಬಂದಾಗ, ಉಪ್ಪಿನಕಾಯಿ ನೆಂಚಿಕೊಂಡು ಬೆಳೆದ ಕನ್ನಡಿಗರ ನಾಲಿಗೆಗೆ ಪರದೇಶ ಎನಿಸುವುದೇ ಇಲ್ಲ.

ಸಸ್ಯಾಹಾರಿಗಳು ಮಾತ್ರ ಲೇಬಲ್ ಓದಿಸಿಕೊಂಡೇ ಕೊಳ್ಳಿ. ಕೆಲವು ಹೂರಣಗಳಲ್ಲಿ ಮೀನಿನ ಸಾರ ಬೆರೆತಿರುತ್ತದೆ.