ರನ್ನನು ನಿಂತ ಜಾಗ

ಬರೆಯಲು ಕುಳಿತವನಿಗೆ ವಿಷಯದ ದಾರಿದ್ರ್ಯಕ್ಕಿಂತ ಅದರ ಸಮೃದ್ಧಿಯೇ ದೊಡ್ಡ ವಿಘ್ನ. ತಿಳಿದದ್ದೆಲ್ಲವನ್ನೂ ಹೇಳಹೊರಟು ಹೇಳಬೇಕಾದದ್ದನ್ನು ಕಳೆದುಕೊಳ್ಳುವ ತರುಣ ಲೇಖಕರಿಗೆ ನಾನು ಅಲಂಕಾರಶಾಸ್ತ್ರವನ್ನು ಸೂಚಿಸುವುದಿಲ್ಲ. ರನ್ನನ ಗದಾಯುದ್ಧವನ್ನು ಓದಿರೆನ್ನುತ್ತೇನೆ.

ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಚಾಲುಕ್ಯರ ಆಶ್ರಯದಲ್ಲಿ ಅವನು ಲೇಖನಿ ಹಿಡಿದಾಗ ಎದುರಿಗೆ ವ್ಯಾಸಭಾರತವಿತ್ತು. ಅದನ್ನು 14 ಆಶ್ವಾಸಗಳಲ್ಲಿ ಅಡಗಿಸಿದ್ದ, 941ರ ಪಂಪಭಾರತವೂ ಇತ್ತು. ಅಂತಹ ಪೂರ್ವಸೂರಿಯ ಹಾದಿಯನ್ನೇ ಮತ್ತೊಮ್ಮೆ ತುಳಿಯದೆ, ಭೀಮದುರ್ಯೋಧನರ ಕಡೆಯ ಕಾಳಗವೊಂದನ್ನೇ ಆಯ್ದು 10 ಆಶ್ವಾಸಗಳ ಕಾವ್ಯವಾಗಿ ಬೆಳೆಸಿದನು. ಇದನ್ನು ವಸ್ತುವಿನ ಸಂಕೋಚವೆಂದು ಭಾವಿಸಲಾಗದು. ಯುದ್ಧದ ಕೊನೆಯ ದಿನದಲ್ಲಿ ನಿಂತು ಹಿಂದಣದೆಲ್ಲವನ್ನೂ ಸಿಂಹಾವಲೋಕನಕ್ರಮದಿಂದ ಕಂಡದ್ದರಿಂದ, ದ್ಯೂತವಾಗಲಿ, ದ್ರೌಪದಿಯ ಪರಿಭವವಾಗಲಿ, ಭೀಮನ ಪ್ರತಿಜ್ಞೆಯಾಗಲಿ ಬಿಟ್ಟುಹೋಗಲಿಲ್ಲ. ಒಬ್ಬನ ಕ್ರೋಧಕ್ಕೂ ಇನ್ನೊಬ್ಬನ ಶೋಕಕ್ಕೂ ಬೇಕಾದಷ್ಟೇ ಒಳಗೆ ಬಂದಿತು.

ಭೀಷ್ಮರನ್ನು ಕಾಣಲೆಂದು ದುರ್ಯೋಧನನು ಸಂಜಯನೊಡನೆ ಕಳೇಬರಗಳ ನಡುವೆ ನಡೆಯುವ ಭಾಗವನ್ನು ನೋಡಿರಿ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ: ಒಬ್ಬೊಬ್ಬರ ಮುಂದೆಯೂ ಅವನ ಕಾಲು ನಿಲ್ಲುತ್ತದೆ. ಒಬ್ಬೊಬ್ಬರ ಮರಣಕ್ಕೂ ಒಂದೊಂದು ಯುದ್ಧವರ್ಣನೆಯನ್ನು ಹೆಣೆಯುವ ಶಕ್ತಿ ಕವಿಗೆ ಧಾರಾಳವಾಗಿದ್ದರೂ, ಅವನು ನಮಗೆ ಕೊಟ್ಟದ್ದು ಅವರನ್ನು ನೋಡುತ್ತಿರುವವನ ಕಣ್ಣನ್ನು. ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೆ ಆ ಅಭಿಮಾನಧನನು ಕೈಮುಗಿಯುವಾಗ, ಕವಿಯ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನೊಡನೆ ಅಭೇದವಾಗಿ ಕಲ್ಪಿತನಾದ ಭೀಮನೇ ಕಾವ್ಯನಾಯಕನೆಂಬುದನ್ನು ಓದುಗನು ಕ್ಷಣಕಾಲ ಮರೆಯುತ್ತಾನೆ. ಬಿ.ಎಂ.ಶ್ರೀಯವರು ಈ ಕಾವ್ಯದಿಂದ ನಾಟಕವೊಂದನ್ನು ರೂಪಿಸಬಲ್ಲವರಾದದ್ದಕ್ಕೂ ವಸ್ತುವಿನ ಈ ಬಿಗಿಯೇ ಕಾರಣವೆಂದು ನನ್ನ ನಂಬಿಕೆ.

ಊರ ಜಾತ್ರೆಯನ್ನು ಕುರಿತು ಬರೆಯುವವನೂ ಮೊದಲು ತಾನು ನಿಲ್ಲುವ ಜಾಗವನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ತೇರು ನೆಲೆಗೆ ಬಂದ ಮರುದಿನ ಮಿಣಿಯನ್ನು ಸುತ್ತಿಡುತ್ತಿರುವ ಮುದುಕನ ಬಳಿ ನಿಂತರೆ, ರಥದ ಚರಿತ್ರೆಯೂ ಎಳೆದವರ ಉತ್ಸಾಹವೂ ಅವನ ಕೈಕೆಲಸದೊಡನೆ ತಾವಾಗಿಯೇ ಬಂದಾವು. ಹಾಗೆ ಬಾರದವನ್ನು, ವಾಕ್ಯ ಎಷ್ಟೇ ಸುಂದರವಾಗಿರಲಿ, ಹೊಡೆದುಹಾಕಬೇಕು. ಈ ಜಾಗವು ಮೊದಲೇ ಹೊಳೆಯುವುದು ಅಪರೂಪ. ಎಷ್ಟೋ ವೇಳೆ ಅದು ಕರಡಿನ ಮೂರನೆಯ ಪುಟದಲ್ಲಿ, ಲೇಖಕನೇ ಅಷ್ಟಾಗಿ ಲಕ್ಷಿಸದೆ ಬರೆದ ಮಾತೊಂದರಲ್ಲಿ ಅಡಗಿರುತ್ತದೆ. ಕಂಡೊಡನೆ ಹಿಂದಿನ ಪುಟಗಳನ್ನು ಬದಿಗಿರಿಸಿ ಅಲ್ಲಿಂದಲೇ ಪುನಃ ಆರಂಭಿಸುವುದು ಲೇಸು. ಅವುಗಳಲ್ಲಿ ನಿಜಕ್ಕೂ ಬೇಕಾದ ಎರಡು ಮೂರು ಸಂಗತಿಗಳು, ಹೊಸ ಕರಡು ಮುಂದುವರಿದಂತೆ, ತಮ್ಮ ಎಡೆಯನ್ನು ತಾವೇ ಕೇಳಿಕೊಂಡು ಬರುತ್ತವೆ.