ಧ್ವನಿತಂತುಗಳ ದ್ವಿರಾಶಿ ಮಾದರಿ: ಸಾಕ್ಷ್ಯದೃಷ್ಟಿಯಿಂದ ಒಂದು ವಿಮರ್ಶೆ

ಮಾತಿನ ಉತ್ಪತ್ತಿಯನ್ನು ಗಣಕಯಂತ್ರದ ಮೂಲಕ ಅನುಕರಿಸುವ ಪ್ರಯತ್ನಗಳಲ್ಲಿ, ಇಷಿಜಾಕಾ ಮತ್ತು ಫ್ಲಾನಗನ್ ಎಂಬ ವಿದ್ವಾಂಸರು 1972ರಲ್ಲಿ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ವಿಶೇಷ ಸ್ಥಾನವುಂಟು. ಅದರ ಗಣಿತವನ್ನು ಪರಿಶೀಲಿಸುವುದು ಭೌತವಿಜ್ಞಾನಿಗಳ ಕೆಲಸ. ಇತಿಹಾಸದ ಅಧ್ಯಾಪಕರಾದ ನಾವು ಇಲ್ಲಿ ಕೇಳಹೊರಟಿರುವ ಪ್ರಶ್ನೆ ಬೇರೆ: ಮಾದರಿಯೊಂದು ಸಹಜಧ್ವನಿಯನ್ನು ಹೋಲುವ ಫಲವನ್ನು ಕೊಟ್ಟಮಾತ್ರಕ್ಕೆ ಅದನ್ನು ಸಾಕ್ಷ್ಯವೆಂದು ಅಂಗೀಕರಿಸಬಹುದೆ? ಶಾಸನವನ್ನು ಓದುವಾಗ ಕಲ್ಲಿನ ಮೇಲಿರುವುದೆಷ್ಟು, ಓದುವವನು ಊಹಿಸಿ ತುಂಬಿದ್ದೆಷ್ಟು ಎಂದು ಬೇರ್ಪಡಿಸುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಆ ಪಾಠವನ್ನೇ ಇಲ್ಲಿಯೂ ಅನ್ವಯಿಸಬಹುದೆಂದು ನಮ್ಮ ಅಭಿಪ್ರಾಯ.

ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳುವುದಾದರೆ, 1741ರಲ್ಲಿ ಫ್ರಾನ್ಸಿನ ಫೆರೈನ್ ಎಂಬಾತನು ಗಂಟಲಿನ ಈ ಅಂಗಗಳನ್ನು ವಾದ್ಯದ ತಂತಿಗಳಿಗೆ ಹೋಲಿಸಿದನು. ವಾಸ್ತವವಾಗಿ ಇವು ತಂತಿಗಳಲ್ಲ, ಮಾಂಸದ ಮಡಿಕೆಗಳು. ಆದರೂ ನಮ್ಮ ‘ಧ್ವನಿತಂತು’ ಎಂಬ ಪದದಲ್ಲಿ ಆ ಹೋಲಿಕೆ ಇಂದಿಗೂ ಉಳಿದುಬಂದಿದೆ. 1950ರಲ್ಲಿ ಹ್ಯುಸೊನ್ ಎಂಬ ಫ್ರೆಂಚ್ ಸಂಶೋಧಕನು, ತಂತುಗಳ ಒಂದೊಂದು ಕಂಪನವೂ ನರದಿಂದ ಬರುವ ಒಂದೊಂದು ಪ್ರೇರಣೆಯ ಫಲವೆಂದು ವಾದಿಸಿದನು. 1958ರಲ್ಲಿ ವಾನ್ ಡೆನ್ ಬರ್ಗ್ ಇದನ್ನು ನಿರಾಕರಿಸಿ, ಸ್ನಾಯುವಿನ ಬಿಗಿತ ಹಾಗೂ ಉಸಿರಿನ ಪ್ರವಾಹಗಳೆರಡೇ ಕಂಪನಕ್ಕೆ ಕಾರಣವೆಂದು ಪ್ರತಿಪಾದಿಸಿದನು. ಪ್ರಕೃತ ಮಾದರಿಯು ಈ ಎರಡನೆಯ ಪಕ್ಷವನ್ನು ಅಂಕಿಗಳ ಭಾಷೆಗೆ ಇಳಿಸಿತು.

ಅದರ ರಚನೆ ಸರಳವಾದುದು. ಒಂದೊಂದು ತಂತುವನ್ನೂ, ಕೆಳಗೊಂದು ಮೇಲೊಂದು, ಎರಡು ರಾಶಿಗಳೆಂದು ಭಾವಿಸಲಾಗಿದೆ: ಕೆಳಗಿನದು 0.125 ಗ್ರಾಂ, ಮೇಲಿನದು 0.025 ಗ್ರಾಂ. ಇವೆರಡೂ ಸ್ಪ್ರಿಂಗುಗಳಿಂದ ಗೋಡೆಗೂ, ಮತ್ತೊಂದು ಸ್ಪ್ರಿಂಗಿನಿಂದ ಪರಸ್ಪರವೂ ಬಂಧಿತವಾಗಿವೆ. ಕೆಳಗಿನಿಂದ ಸುಮಾರು 8 ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಸಮನಾದ ಗಾಳಿ ಬರುತ್ತದೆ. ಕ್ಷಣಕ್ಷಣದ ಸ್ಥಿತಿಯನ್ನು ಯಂತ್ರವು ಲೆಕ್ಕ ಹಾಕುತ್ತದೆ.

ಇದರ ನಿಜವಾದ ಗುಣವೆಲ್ಲಿದೆ? ಕಿರಿದಾದ ಸಂದಿನಲ್ಲಿ ವೇಗವಾಗಿ ಹರಿಯುವ ಗಾಳಿಯು ತಂತುಗಳನ್ನು ಒಳಕ್ಕೆ ಸೆಳೆಯುವುದೇ ಕಂಪನಕ್ಕೆ ಕಾರಣವೆಂದು, ಬರ್ನೂಲಿಯ ಹೆಸರು ಹೇಳಿ, ಪಠ್ಯಪುಸ್ತಕಗಳು ವಿವರಿಸುವುದುಂಟು. ಈ ವಿವರಣೆ ಅಪೂರ್ಣ. ತೆರೆಯುವಾಗಲೂ ಮುಚ್ಚುವಾಗಲೂ ಸೆಳೆತ ಒಂದೇ ಆಗಿದ್ದರೆ, ಒಮ್ಮೆ ಕೊಟ್ಟ ಶಕ್ತಿ ಮತ್ತೊಮ್ಮೆ ಕಳೆದುಹೋಗಿ ಕಂಪನವು ಬೇಗನೆ ಅಡಗಬೇಕು. ದ್ವಿರಾಶಿ ಮಾದರಿಯಲ್ಲಿ ಕೆಳಗಿನ ಅಂಚು ಮೇಲಿನದಕ್ಕಿಂತ ಮುಂದಾಗಿ ಚಲಿಸುತ್ತದೆ. ಆದ್ದರಿಂದ ತೆರೆಯುವಾಗ ಸಂದು ಕೆಳಗೆ ಅಗಲವಾಗಿ ಮೇಲೆ ಕಿರಿದಾಗುತ್ತದೆ. ಗಾಳಿಯ ಒತ್ತಡ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಮುಚ್ಚುವಾಗ ಆಕಾರ ತಲೆಕೆಳಗಾಗಿ ಒತ್ತಡ ತಗ್ಗುತ್ತದೆ. ಈ ವ್ಯತ್ಯಾಸವೇ, ಘರ್ಷಣೆಯಿಂದ ನಷ್ಟವಾದ ಶಕ್ತಿಯನ್ನು ಪ್ರತಿ ಆವರ್ತದಲ್ಲಿಯೂ ತುಂಬಿಕೊಡುತ್ತದೆ. ಅಂಚುಗಳ ಈ ಹಿಂದುಮುಂದನ್ನು ಕರ್ತೃಗಳು ಹೊರಗಿನಿಂದ ಹೇರಲಿಲ್ಲ. ಅದು ಲೆಕ್ಕದಿಂದಲೇ ಹೊಮ್ಮಿತು. ಇದು ಮಾದರಿಗೆ ಸಲ್ಲಬೇಕಾದ ಕೀರ್ತಿ.

ಆದರೆ ತಂತುವನ್ನು ಎರಡಾಗಿ ವಿಭಾಗಿಸಿದವರು ಕರ್ತೃಗಳೇ. ದೇಹದಲ್ಲಿ ಅಂತಹ ವಿಭಾಗವಿಲ್ಲ. ಮೃದುವಾದ ಹೊದಿಕೆ, ಅದರೊಳಗೆ ಸ್ನಾಯುವಿನ ಒಡಲು ಎಂಬ ಪದರಗಳ ರಚನೆಯನ್ನು 1974ರಲ್ಲಿ ಹಿರಾನೊ ತೋರಿಸಿದನು. ಅದನ್ನು ಅನುಸರಿಸಿ 1995ರಲ್ಲಿ ಸ್ಟೋರಿ ಮತ್ತು ಟಿಟ್ಸೆ ಮೂರನೆಯ ರಾಶಿಯೊಂದನ್ನು ಸೇರಿಸಿದರು. ಇನ್ನು ಎಡಬಲಗಳೆರಡೂ ಸಮಾನವೆಂಬುದು ಕೂಡ ಒಂದು ಊಹೆಯೇ. ಆರೋಗ್ಯವಂತನ ವಿಷಯದಲ್ಲಿ ಇದು ಸಣ್ಣ ದೋಷವಾಗಿ ಕಾಣಬಹುದು. ಆದರೆ ಒಂದು ತಂತು ನಿಶ್ಚೇಷ್ಟಿತವಾಗಿ ದನಿ ಒಡೆದ ರೋಗಿಯ ವಿಷಯದಲ್ಲಿ ಈ ಮಾದರಿ ಮೂಕವಾಗುತ್ತದೆ. 1995ರಲ್ಲಿ ಸ್ಟೈನೆಕೆ ಮತ್ತು ಹೆರ್ಟ್ಸೆಲ್ ಎಡಬಲಗಳಿಗೆ ಬೇರೆಬೇರೆ ಬಿಗಿತವನ್ನು ಕೊಟ್ಟು ನೋಡಿದಾಗ, ಅಸಮತೆ ಮಿತಿಮೀರಿದಾಗ ಕಂಪನವು ಕ್ರಮಗೆಡುವುದು ಇಂತಹ ಸರಳ ಲೆಕ್ಕದಲ್ಲಿಯೂ ಕಾಣಬಂದಿತು.

ಹ್ಯುಸೊನ್‌ನ ವಾದವನ್ನು ಈ ಮಾದರಿ ಖಂಡಿಸಿತೆಂದು ಹೇಳಬಹುದೆ? ಅದರಲ್ಲಿ ನರಗಳೇ ಇಲ್ಲ. ನರಗಳ ಪ್ರೇರಣೆಯಿಲ್ಲದೆ ಕಂಪನ ಸಾಧ್ಯವೆಂಬುದನ್ನಷ್ಟೇ ಅದು ತೋರಿಸಬಲ್ಲದು. ಸಾಧ್ಯವಾದುದೆಲ್ಲ ನಡೆದುದೆಂದು ಇತಿಹಾಸಕಾರನು ಒಪ್ಪುವುದಿಲ್ಲ. ಆ ನಿರ್ಣಯಕ್ಕೆ ದೇಹದ ಸಾಕ್ಷ್ಯವೇ ಬೇಕು. ಸಹಜವಾಗಿ ಸತ್ತ ಆಫ್ರಿಕದ ಆನೆಯೊಂದರ ಧ್ವನಿಪೆಟ್ಟಿಗೆಗೆ ಗಾಳಿಯೂದಿ, ಮನುಷ್ಯನ ಕಿವಿಗೆ ಕೇಳದಷ್ಟು ತಗ್ಗಿನ ಕಂಪನವನ್ನು ವಿಜ್ಞಾನಿಗಳು ಪಡೆದುದನ್ನು 2012ರಲ್ಲಿ ಪ್ರಕಟಿಸಿದರು. ಅಷ್ಟು ನಿಧಾನವಾದ ಕಂಪನಕ್ಕೂ ಜೀವಂತ ನರದ ನೆರವು ಬೇಕಾಗಲಿಲ್ಲ. ಇದು ಸಾಕ್ಷ್ಯ, ಮಾದರಿಯು ಆ ಸಾಕ್ಷ್ಯಕ್ಕೆ ವ್ಯಾಖ್ಯಾನ.

ಈ ಭೇದವನ್ನು ಮರೆತರೆ ಒಳ್ಳೆಯ ವ್ಯಾಖ್ಯಾನವೇ ಮೂಲಗ್ರಂಥದ ಸ್ಥಾನವನ್ನು ಆಕ್ರಮಿಸುತ್ತದೆ. ಇಂದಿನ ಗಣಕಯಂತ್ರಗಳು ಗಾಳಿಯ ಸುಳಿಗಳನ್ನೂ ಮೂರು ಆಯಾಮಗಳಲ್ಲಿ ಚಿತ್ರಿಸಬಲ್ಲವು. ಚಿತ್ರ ಸ್ಪಷ್ಟವಾದಷ್ಟೂ ಅದನ್ನು ನಂಬುವ ಆಸೆಯೂ ಬಲವಾಗುತ್ತದೆ. ಅಂತಹ ಚಿತ್ರವನ್ನು ತರಗತಿಯ ಮುಂದಿಡುವ ಅಧ್ಯಾಪಕನು, ಇದರಲ್ಲಿ ನಾವು ಇಟ್ಟದ್ದೇನು, ಇದರಿಂದ ನಮಗೆ ದೊರೆತದ್ದೇನು ಎಂಬ ಪ್ರಶ್ನೆಯನ್ನೂ ಜೊತೆಯಲ್ಲಿಯೇ ಇಡತಕ್ಕದ್ದು.